ಮ್ಯಾನೇಜರ್ ಹೋಗುತ್ತಾನೆ, ಎತ್ತು ಕೊಟ್ಟಿಗೆಯಲ್ಲೇ ಇರುತ್ತದೆ

(ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಾವು ಕೆಲವು ಗೆಳೆಯರು ಸೇರುವ ಭಾನುವಾರದ ಸಂಜೆಯಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯ ಪ್ರಶ್ನೋತ್ತರವನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಸಲ ಮಾತಾಡಲು ಕರೆದಾಗ ಗೆಳೆಯರು ನನಗೆ ಕೊಟ್ಟ ವಿಷಯ ಜಿಎಸ್‌ಟಿ. ನಾನು ಲೆಕ್ಕ ಬರೆಯುವವನು, ಅದಕ್ಕೆ. ವಾರವಿಡೀ ಅದನ್ನೇ ಮಾತಾಡುತ್ತೇನೆ, ಭಾನುವಾರವೂ ಬೇಡ ಮಾರಾಯರೇ ಅಂದೆ. ಹಾಗಾದರೆ ನಿಮ್ಮ ನಿದ್ದೆ ಕೆಡಿಸಿರುವುದರ ಬಗ್ಗೆ ಮಾತಾಡಿ ಅಂದರು. ನನ್ನ ನಿದ್ದೆ ಕೆಡಿಸಿರುವುದು ಇಂಗ್ಲೆಂಡಿನ ಫುಟ್ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್. ಸುಮ್ನೆ ಹೇಳುತ್ತಿಲ್ಲ. ಯುರೋಪಿನ ಕಪ್ಪಿನ ಪಂದ್ಯಗಳು ಚಳಿಗಾಲದಲ್ಲಿ ನಮ್ಮ ಗಡಿಯಾರಕ್ಕೆ ರಾತ್ರಿ ಒಂದೂವರೆಗೆ ಶುರು. ಮುಗಿಯುವಾಗ ಮೂರೂವರೆ. ಸೋತರೆ ಆಮೇಲೂ ನಿದ್ದೆ ಇಲ್ಲ. ಬೆಳಿಗ್ಗೆ ಹತ್ತಕ್ಕೆ ಯಾರೋ ಲಾರಿ ಮಾಲೀಕರು ಚೀಲದ ತುಂಬ ಡೀಸೆಲ್ ಬಿಲ್ಲು ತಂದು ಟೇಬಲ್ ಮೇಲೆ ಸುರಿಯುತ್ತಾರೆ.

ನನ್ನ ಊರು ಹಾವೇರಿ ತಾಲ್ಲೂಕು. ಅಲ್ಲಿಂದ ಮ್ಯಾಂಚೆಸ್ಟರಿಗೆ ಹೇಗೆ ಹೋದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. 1999ರ ಮೇ 26. ಕ್ರಿಕೆಟ್ ನೋಡಿದವರಿಗೆ ಆ ದಿನ ಮರೆತಿರಲ್ಲ. ವಿಶ್ವಕಪ್, ಟಾಂಟನ್ ಮೈದಾನ, ಶ್ರೀಲಂಕಾ ಎದುರು ಗಂಗೂಲಿ 183, ನಮ್ಮ ದ್ರಾವಿಡ್ 145. ಕಾಕಾನ ಮನೆಯ ಪಡಸಾಲೆಯಲ್ಲಿ ಓಣಿಯ ಅರ್ಧ ಜನ ಕೂತಿದ್ದರು. ಪಂದ್ಯ ಮುಗಿದು ಎಲ್ಲರೂ ಎದ್ದು ಹೋದರು. ನನಗೆ ಖುಷಿಗೆ ನಿದ್ದೆ ಬರಲಿಲ್ಲ. ಚಾನೆಲ್ ತಿರುಗಿಸುತ್ತಾ ಕೂತೆ. ನಡುರಾತ್ರಿ ದಾಟಿದ ಮೇಲೆ ಬಾರ್ಸಿಲೋನಾದಲ್ಲಿ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್ ಶುರುವಾಯಿತು. ಕೆಂಪು ಅಂಗಿಯ ಯುನೈಟೆಡ್‌ನವರು ಆರನೇ ನಿಮಿಷದಿಂದ 90ನೇ ನಿಮಿಷದ ತನಕ ಒಂದು ಗೋಲು ಹಿಂದೆ ಇದ್ದರು. ಆಮೇಲೆ ಹೆಚ್ಚುವರಿ ನಿಮಿಷಗಳಲ್ಲಿ ಶೆರಿಂಗ್‌ಹ್ಯಾಮ್ ಒಂದು, ಸೋಲ್ಶಾರ್ ಒಂದು. ನಾನು ಕೂಗಿದ ಕೂಗಿಗೆ ಅವ್ವ ಹಾವು ಬಂತೇನೋ ಅಂತ ಎದ್ದು ಬಂದಳು. ಅವತ್ತು ಹಿಡಿದ ಹುಚ್ಚು ಇದು.

ಹದಿನಾಲ್ಕು ವರ್ಷ ಸುಖವಾಗಿತ್ತು. 2013ರ ಮೇ ತಿಂಗಳಲ್ಲಿ ಕ್ಲಬ್ಬಿನ ಮ್ಯಾನೇಜರ್, ಅಂದರೆ ಕೋಚ್, ಅಲೆಕ್ಸ್ ಫರ್ಗ್ಯೂಸನ್ ನಿವೃತ್ತಿಯಾದ. ಹೋಗುವಾಗ ಲೀಗ್ ಗೆದ್ದುಕೊಟ್ಟೇ ಹೋದ, ಇಂಗ್ಲೆಂಡಿನ ಮೇಲ್ಮಟ್ಟದ ಲೀಗ್ ಆದ ಪ್ರೀಮಿಯರ್ ಲೀಗ್ ಅವನಿಗೆ ಅದು ಹದಿಮೂರನೆಯದು. ಅದಾದ ಮೇಲೆ ಕ್ಲಬ್ ಇನ್ನೊಂದು ಲೀಗ್ ಗೆದ್ದಿಲ್ಲ. 2024 ಮುಗಿಯುವುದರೊಳಗೆ ಆರು ಜನ ಕಾಯಂ ಮ್ಯಾನೇಜರ್‌ಗಳು ಬಂದರು, ನಡುವೆ ಹಂಗಾಮಿಗಳು ಬೇರೆ. 2024-25ರ ಸೀಸನ್‌ನಲ್ಲಿ ಹದಿನೈದನೇ ಸ್ಥಾನ. ಇಪ್ಪತ್ತು ತಂಡಗಳಲ್ಲಿ ಹದಿನೈದನೆಯದು!

ಪ್ರತಿ ಸಲವೂ ನಾವು ಫ್ಯಾನ್‌ಗಳು ಮಾಡಿದ್ದು ಒಂದೇ. ಮೊದಲ ಆರು ತಿಂಗಳು "ಇವನಿಗೆ ಟೈಮ್ ಕೊಡಬೇಕು". ಆಮೇಲಿನ ಆರು ತಿಂಗಳು "ಇವನಿಗೆ ಆಟಗಾರರನ್ನು ಕೊಡಬೇಕು". ಅದಾದ ಮೇಲೆ "ಇವನನ್ನು ಮೊದಲು ಮನೆಗೆ ಕಳಿಸಿ". ನಾನೇನೂ ಬೇರೆಯವನಲ್ಲ. ಇದೇ ವಿದ್ಯಾನಗರದ ಚಹಾದಂಗಡಿಯ ಮುಂದೆ ನಿಂತು ಆರು ಜನರನ್ನೂ ಕೆಲಸದಿಂದ ತೆಗೆದಿದ್ದೇನೆ.

ಆದರೆ ಲೆಕ್ಕ ಬರೆಯುವವನ ಕಣ್ಣು ಬೇರೆ. ಕೋಪ ಇಳಿದ ಮೇಲೆ ಪುಸ್ತಕ ತೆಗೆದು ನೋಡಿದರೆ ಬೇರೆಯೇ ಕಥೆ ಕಾಣುತ್ತದೆ. ಇವತ್ತು ಅದನ್ನು ಹೇಳಬೇಕು ಅಂತ ಬಂದಿದ್ದೇನೆ. ನಮಗೆ ಮೈದಾನದ ಗೆರೆಯ ಮೇಲೆ ಕೋಟು ಹಾಕಿಕೊಂಡು ನಿಂತವನು ಕಾಣುತ್ತಾನೆ, ಬೈಯುತ್ತೇವೆ. ನಿಜವಾದ ತಪ್ಪು ಆಗಿರುವುದು ಆಟಗಾರರನ್ನು ಕೊಳ್ಳುವ ಸಂತೆಯಲ್ಲಿ. ಅವತ್ತು ಸಂತೆಗೆ ಹೋದವರ ಮುಖ ನಮಗೆ ಗೊತ್ತೇ ಇರುವುದಿಲ್ಲ.

ಸಂತೆ ಅಂದೆ. ಇಲ್ಲಿ ಹಾವೇರಿ, ರಾಣೆಬೆನ್ನೂರು ಕಡೆಯವರು ಯಾರಿದ್ದೀರಿ? ಕೈ ಎತ್ತಿ. ಹಾಂ, ಸಾಕು. ನಿಮಗೆ ಅಭಿಮಾನಿ ಬಳಗ ಅಂದರೇನು ಅಂತ ನಾನು ಹೇಳಿಕೊಡಬೇಕಾಗಿಲ್ಲ. ಹೋರಿ ಹಬ್ಬದಲ್ಲಿ ಒಂದೊಂದು ಹೋರಿಗೆ ಹೆಸರು, ಹೆಸರಿಗೆ ತಕ್ಕ ಬ್ಯಾನರ್, ಹುಡುಗರಿಗೆಲ್ಲ ಒಂದೇ ಬಣ್ಣದ ಟೀಶರ್ಟು. ಕೊಬ್ಬರಿ ಹಾರ ಕಟ್ಟಿದ ಹೋರಿ ಯಾರ ಕೈಗೂ ಸಿಗದೆ ಓಡಿತೋ, ಊರಿಗೆ ಊರೇ ಗೆದ್ದ ಹಾಗೆ. ಸಿಕ್ಕಿಬಿತ್ತೋ, ಬೈಗುಳ ಕೇಳುವವನು ಅದನ್ನು ಹಿಡಿದು ತಂದ ಹುಡುಗ. ತಂದವನಿಗೆ ಬೈಯುತ್ತಾರೆ, ಕೊಂಡವನಿಗೆ ಬೈಯುವುದಿಲ್ಲ. ಫುಟ್ಬಾಲ್ ಮ್ಯಾನೇಜರನ ಪಾಡೂ ಇಷ್ಟೇ.

ನಮ್ಮ ಕಾಕಾ ಎತ್ತು ನೋಡುವುದರಲ್ಲಿ ಗಟ್ಟಿಗ. ಸಂತೆಗೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ಹಲ್ಲು ನೋಡಬೇಕು, ಸುಳಿ ನೋಡಬೇಕು, ನಾಲ್ಕು ಹೆಜ್ಜೆ ನಡೆಸಿ ನೋಡಬೇಕು. ರೇಟು ಯಾರೂ ಬಾಯಲ್ಲಿ ಹೇಳುವುದಿಲ್ಲ. ಟವೆಲ್ ಮುಚ್ಚಿ ಕೈಯೊಳಗೆ ಕೈ ಇಟ್ಟು, ಬೆರಳು ಹಿಡಿದೇ ವ್ಯಾಪಾರ. ನಡುವೆ ದಲಾಲಿ. ಅವನಿಗೆ ಎರಡೂ ಕಡೆಯಿಂದ ಕಮಿಷನ್ನು. ಫುಟ್ಬಾಲಿನಲ್ಲಿ ಅವನನ್ನು ಏಜೆಂಟ್ ಅನ್ನುತ್ತಾರೆ, ಟವೆಲ್ ಬದಲು ಫೋನು. ಕಾಕಾ ಒಂದು ಮಾತು ಹೇಳುತ್ತಿದ್ದ: "ತಮ್ಮಾ, ಎತ್ತು ತರೋದಿದ್ರ ಮುಂಗಾರಿಗಿಂತ ಮೊದಲ ತರಬೇಕು. ಮಳಿ ಬಿದ್ದ ಮ್ಯಾಲೆ ಹ್ವಾದ್ರ ದಲಾಲಿ ನಿನ್ನ ಮಾರಿ ನೋಡಿ ರೇಟ್ ಹೇಳ್ತಾನ."

ಈ ಮಾತು ಇಟ್ಟುಕೊಂಡು 2013ರ ಬೇಸಿಗೆಗೆ ಹೋಗಿ. ಫರ್ಗ್ಯೂಸನ್ ಜಾಗಕ್ಕೆ ಡೇವಿಡ್ ಮೋಯ್ಸ್ ಬಂದ. ಆರು ವರ್ಷದ ಕರಾರು. ಅವನಿಗೆ ಬೇಕಾಗಿದ್ದ ಮರುವಾನ್ ಫೆಲೈನಿ ಅವನದೇ ಹಳೆಯ ಕ್ಲಬ್ ಎವರ್ಟನ್‌ನಲ್ಲಿದ್ದ. ಫೆಲೈನಿಯ ಕರಾರಿನಲ್ಲಿ ಒಂದು ಷರತ್ತಿತ್ತು. ಜುಲೈ ಮುಗಿಯುವುದರೊಳಗೆ ಬಂದರೆ ಸುಮಾರು 2.35 ಕೋಟಿ ಪೌಂಡ್ ಕೊಟ್ಟು ಕರೆದುಕೊಂಡು ಹೋಗಬಹುದು. ಅವನನ್ನು ಅಲ್ಲಿ ಆಡಿಸುತ್ತಿದ್ದವನೇ ಮೋಯ್ಸ್, ಅಂದರೆ ಷರತ್ತು ಗೊತ್ತಿಲ್ಲದ್ದೇನಲ್ಲ. ಜುಲೈ ಹೋಯಿತು. ಆಗಸ್ಟ್ ಹೋಯಿತು. ಸೆಪ್ಟೆಂಬರ್ ಎರಡರ ರಾತ್ರಿ, ಆಟಗಾರರನ್ನು ಕೊಳ್ಳುವ ಗಡುವು ಮುಗಿದು ಬಾಗಿಲು ಹಾಕುವ ಹೊತ್ತಿಗೆ ಅದೇ ಆಟಗಾರನಿಗೆ 2.75 ಕೋಟಿ ಕೊಟ್ಟರು. ಮಳೆ ಬಿದ್ದ ಮೇಲೆ ಸಂತೆಗೆ ಹೋಗಿದ್ದರು. ಮೋಯ್ಸ್ ಹತ್ತು ತಿಂಗಳಿಗೆ ಮನೆಗೆ ಹೋದ. ಫೆಲೈನಿ 2019ರ ತನಕ ಇದ್ದ. ಮುಂದೆ ಎರಡು ಜನ ಮ್ಯಾನೇಜರ್‌ಗಳು ಅವನನ್ನು ತಮಗೆ ಬಂದ ಹಾಗೆ ದುಡಿಸಿಕೊಂಡರು. ಪಾಪ, ಆ ಮನುಷ್ಯನದು ಏನೂ ತಪ್ಪಿಲ್ಲ. ನಾವು ಮಾತ್ರ ಅವನ ಕೂದಲಿಗೂ ಬೈದೆವು.

ಇಲ್ಲಿಂದ ಮುಂದೆ ಅದೇ ಪಾಠ ಮತ್ತೆ ಮತ್ತೆ. ಮೋಯ್ಸ್ ಆದಮೇಲೆ ವಾನ್ ಗಾಲ್ ಮ್ಯಾನೇಜರ್ ಆಗಿ ಬಂದ, ಡಿ ಮರಿಯಾ ಎಂಬ ಆಟಗಾರನನ್ನು ಆಗಿನ ಬ್ರಿಟಿಷ್ ದಾಖಲೆ ಬೆಲೆಗೆ ತಂದರು, ಒಂದೇ ವರ್ಷಕ್ಕೆ ನಷ್ಟದಲ್ಲಿ ಮಾರಿದರು. ವಾನ್ ಗಾಲ್ 2016ರಲ್ಲಿ ಇಂಗ್ಲೆಂಡಿನ ನಾಕೌಟ್ ಪಂದ್ಯಾವಳಿ ಎಫ್‌ಎ ಕಪ್ ಗೆದ್ದ, ಎರಡು ದಿನಕ್ಕೆ ಕೆಲಸ ಹೋಯಿತು. ಮೌರಿನ್ಯೊ ಬಂದ. ಅವನ ಕಾಲದಲ್ಲಿ ಪಾಲ್ ಪೊಗ್ಬಾಗೆ 8.9 ಕೋಟಿ ಪೌಂಡ್. ಆಗ ಅದು ಜಗತ್ತಿನ ದಾಖಲೆ. ಪೌಂಡಿಗೆ ನೂರೇ ರೂಪಾಯಿ ಅಂತ ಹಿಡಿಯಿರಿ, 890 ಕೋಟಿ ರೂಪಾಯಿ. ತಮಾಷೆ ಏನು ಗೊತ್ತಾ? ಈ ಪೊಗ್ಬಾ ಮೊದಲು ಯುನೈಟೆಡ್‌ನ ಹುಡುಗನೇ. 2012ರಲ್ಲಿ ಕರಾರು ಮುಗಿದು ಹೆಚ್ಚುಕಡಿಮೆ ಪುಕ್ಕಟೆ ಹೋಗಿದ್ದ. 2022ರಲ್ಲಿ ಮತ್ತೆ ಕರಾರು ಮುಗಿದು ಪುಕ್ಕಟೆ ಹೋದ. ನಮ್ಮ ಎತ್ತನ್ನು ನಾವೇ ಬಿಟ್ಟುಕೊಟ್ಟು, ನಾವೇ ದಾಖಲೆ ಬೆಲೆಗೆ ಕೊಂಡು, ಮತ್ತೆ ಬಿಟ್ಟುಕೊಟ್ಟೆವು. ಕಾಕಾನಿಗೆ ಈ ಕಥೆ ಹೇಳಿದಾಗ ಅವನು ನಗಲಿಲ್ಲ. "ಯಾರೋ ಆ ವ್ಯಾಪಾರ ಮಾಡಿದಾಂವ? ಅವಗ ಮನಿ ಕೀಲಿ ಕೊಡಬ್ಯಾಡ್ರಿ" ಅಂದ.

ಅಲೆಕ್ಸಿಸ್ ಸಾಂಚೆಜ್ ಬಗ್ಗೆ ಹೇಳುವುದಿಲ್ಲ. ಪಿಯಾನೋ ನುಡಿಸುವ ವಿಡಿಯೋ ಮಾಡಿ ಸ್ವಾಗತಿಸಿದರು, 45 ಪಂದ್ಯಕ್ಕೆ 5 ಗೋಲು. ಹೇಳಿಬಿಟ್ಟೆ ನೋಡಿ.

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ. ನೀವು ಲಾರಿ ತಗೊಂಡರೆ ಇಡೀ ಬೆಲೆಯನ್ನು ಆ ವರ್ಷದ ಖರ್ಚಿಗೆ ಬರೆಯುವುದಿಲ್ಲ. ವರ್ಷವರ್ಷ ಸವಕಳಿ ಬರೆಯುತ್ತೀರಿ. ಬಾಡಿಗೆ ಓಡಿಸುವ ಲಾರಿಗೆ ನಮ್ಮ ಆದಾಯ ತೆರಿಗೆಯಲ್ಲಿ 30 ಪರ್ಸೆಂಟ್, ಅದೂ ಉಳಿದ ಬೆಲೆಯ ಮೇಲೆ. ಹಾಗಾಗಿ ಮೊದಲ ವರ್ಷ ಜಾಸ್ತಿ, ಬರ್ತಾ ಬರ್ತಾ ಕಡಿಮೆ. ಆಟಗಾರನನ್ನು ಕೊಂಡರೂ ಹೀಗೇ, ಒಂದೇ ವ್ಯತ್ಯಾಸ. ಕೊಟ್ಟ ಬೆಲೆಯನ್ನು ಕರಾರಿನ ವರ್ಷಗಳಿಗೆ ಸಮನಾಗಿ ಹಂಚುತ್ತಾರೆ.

ಆಂಟನಿ ಎಂಬ ಆಟಗಾರನನ್ನು ತಗೊಳ್ಳಿ. 2022ರ ಬೇಸಿಗೆ. ಹೊಸ ಮ್ಯಾನೇಜರ್ ಟೆನ್ ಹಾಗ್. ಇಡೀ ಬೇಸಿಗೆ ಕ್ಲಬ್ಬು ಫ್ರೆಂಕಿ ಡಿ ಯಾಂಗ್ ಎಂಬ ಆಟಗಾರನ ಹಿಂದೆ ಓಡಿತು, ಅವನು ಬರಲಿಲ್ಲ. ಸೀಸನ್ ಶುರುವಾಯಿತು. ಮೊದಲ ಪಂದ್ಯ ಮನೆಯಲ್ಲೇ ಬ್ರೈಟನ್‌ಗೆ ಸೋತರು. ಎರಡನೆಯದರಲ್ಲಿ ಬ್ರೆಂಟ್‌ಫರ್ಡ್ ನಾಲ್ಕು ಹೊಡೆಯಿತು, ಎಲ್ಲವೂ ಮೊದಲ ಅರ್ಧದಲ್ಲೇ. ಮಳೆ ಧಾರಾಕಾರ ಸುರಿಯುತ್ತಿತ್ತು ಅಂತಿಟ್ಟುಕೊಳ್ಳಿ. ಆಮೇಲೆ ಸಂತೆಗೆ ಓಡಿದರು. ಆಂಟನಿ ಟೆನ್ ಹಾಗ್‌ನ ಹಳೆಯ ಕ್ಲಬ್ ಅಯಾಕ್ಸ್‌ನ ಹುಡುಗ. ಅವರು ಇವರ ಮಾರಿ ನೋಡಿ ರೇಟು ಹೇಳಿದರು, 9.5 ಕೋಟಿ ಯೂರೋ. ಐದು ವರ್ಷದ ಕರಾರು. ಅಂದರೆ ವರ್ಷಕ್ಕೆ 1.9 ಕೋಟಿ ಯೂರೋ ಸವಕಳಿ. ಅವನು 96 ಪಂದ್ಯ ಆಡಿ 12 ಗೋಲು ಹೊಡೆದ. ಮೂರು ವರ್ಷ ಆದಮೇಲೂ ಪುಸ್ತಕದಲ್ಲಿ ಅವನ ಬೆಲೆ 3.8 ಕೋಟಿ ಉಳಿದಿರುತ್ತದೆ. 2025ರಲ್ಲಿ ಬೆಟಿಸ್ ಕ್ಲಬ್ಬಿಗೆ ಮಾರಿದ್ದು 2.2 ಕೋಟಿಗೆ. ಮಾರಿದ ದಿನ ಮತ್ತೆ ಸುಮಾರು 1.6 ಕೋಟಿ ನಷ್ಟ ಬರೆಯಬೇಕು. ಟೆನ್ ಹಾಗ್ ಹೋಗಿ ಆಗಲೇ ಹತ್ತು ತಿಂಗಳಾಗಿತ್ತು. ಮುಂದಿನ ಮ್ಯಾನೇಜರ್ "ನನಗೊಬ್ಬ ಸ್ಟ್ರೈಕರ್ ಕೊಡಿ" ಅಂದರೆ, ಹಿಂದಿನವನ ಎತ್ತಿನ ಸಾಲ ಇನ್ನೂ ತೀರಿಲ್ಲ ಅನ್ನುವ ಉತ್ತರ. ನಾವು ಟಿವಿ ಮುಂದೆ ಕೂತು "ಇವನಿಗೆ ಆಡಿಸೋಕೆ ಬರಲ್ಲ" ಅಂತ ಬೈಯುತ್ತಿರುತ್ತೇವೆ.

ಯಾಕೆ ಸಾಲ ಅಡ್ಡ ಬರುತ್ತದೆ? ಪ್ರೀಮಿಯರ್ ಲೀಗಿನಲ್ಲಿ ಮೂರು ವರ್ಷ ಸೇರಿ 10.5 ಕೋಟಿ ಪೌಂಡಿಗಿಂತ ಜಾಸ್ತಿ ನಷ್ಟ ತೋರಿಸುವಂತಿಲ್ಲ ಅನ್ನುವ ನಿಯಮ ಮಾಡಿದ್ದರು. ಚೆಲ್ಸಿ ಕ್ಲಬ್ಬಿನವರು ಇದಕ್ಕೊಂದು ದಾರಿ ಹುಡುಕಿದರು. ಎಂಟು, ಎಂಟೂವರೆ ವರ್ಷದ ಕರಾರು ಮಾಡಿಕೊಂಡು ಬೆಲೆಯನ್ನು ಎಂಟು ಭಾಗ ಮಾಡಿದರು. ನಮ್ಮ ಕಡೆ ಲಾರಿ ಸಾಲದ ಕಂತು ಉದ್ದ ಮಾಡಿಸುತ್ತಾರಲ್ಲ, ಥೇಟ್ ಹಾಗೆ. 2023ರಲ್ಲಿ ಮೊದಲು ಯುರೋಪಿನ ಫುಟ್ಬಾಲ್ ಸಂಸ್ಥೆ ಯುಇಎಫ್‌ಎ, ಆಮೇಲೆ ಪ್ರೀಮಿಯರ್ ಲೀಗ್, ಕರಾರು ಎಷ್ಟು ಉದ್ದವಾದರೂ ಹಂಚುವುದು ಐದೇ ವರ್ಷಕ್ಕೆ ಅಂತ ಬಿಗಿ ಮಾಡಿದವು.

ಇದರಲ್ಲಿ ನನ್ನ ಹೊಟ್ಟೆ ಉರಿಸುವ ಭಾಗ ಇನ್ನೊಂದಿದೆ. ಕ್ಲಬ್ಬಿನಲ್ಲೇ ಬೆಳೆದ ಹುಡುಗನಿಗೆ ಪುಸ್ತಕದಲ್ಲಿ ಬೆಲೆ ಸೊನ್ನೆ. ಕೊಂಡಿಲ್ಲವಲ್ಲ! ಹಿತ್ತಲಲ್ಲಿ ಹುಟ್ಟಿದ ಕರುವಿಗೆ ಬಿಲ್ಲು ಎಲ್ಲಿಂದ ಬರಬೇಕು? ಹಾಗಾಗಿ ಅವನನ್ನು ಮಾರಿದರೆ ಬಂದ ಪೂರ್ತಿ ಹಣ ಲಾಭದ ಕಲಮಿಗೆ ಹೋಗುತ್ತದೆ. ಕೆಟ್ಟ ವ್ಯಾಪಾರದ ತೂತು ಮುಚ್ಚಲು ಮನೆಯ ಕರು ಮಾರುವುದು ಲೆಕ್ಕದಲ್ಲಿ ಅತ್ಯಂತ ಸುಲಭ. ಸ್ಕಾಟ್ ಮೆಕ್‌ಟಾಮಿನೆ ತೀರಾ ಸಣ್ಣ ಹುಡುಗನಿದ್ದಾಗ ಯುನೈಟೆಡ್ ಸೇರಿದವನು. 2024ರ ಆಗಸ್ಟ್ ಕೊನೆಗೆ ಇಟಲಿಯ ನಾಪೋಲಿ ಕ್ಲಬ್ಬಿಗೆ ಸುಮಾರು ಮೂರು ಕೋಟಿ ಯೂರೋಗೆ ಮಾರಿದರು. ಆಗ ನಾನೂ ಒಳ್ಳೆ ರೇಟು ಬಂತು ಅಂದೆ. ಮೊದಲ ಸೀಸನ್‌ನಲ್ಲೇ ನಾಪೋಲಿ ಇಟಲಿಯ ಲೀಗ್ ಗೆದ್ದಿತು. ಲೀಗ್ ನಿರ್ಧಾರವಾದ ಪಂದ್ಯದಲ್ಲಿ ಇವನು ಗಾಳಿಯಲ್ಲಿ ಅಡ್ಡ ಮಲಗಿ ಒದ್ದು ಗೋಲು ಹೊಡೆದ. ಇಡೀ ಲೀಗಿನ ಅತ್ಯುತ್ತಮ ಆಟಗಾರನೂ ಅವನೇ ಆದ. ಅದೇ ತಿಂಗಳು ನಮ್ಮವರು ಹದಿನೈದನೇ ಸ್ಥಾನದಲ್ಲಿ ಸೀಸನ್ ಮುಗಿಸಿದ್ದರು. ಲಾಭದ ಕಲಮು ಚೆನ್ನಾಗಿತ್ತು.

ಹಾಗಾದರೆ ಮ್ಯಾನೇಜರ್‌ಗಳದ್ದು ತಪ್ಪೇ ಇಲ್ಲವಾ? ಇದೆ. ಆಂಟನಿ ಬೇಕು ಅಂದವನು ಟೆನ್ ಹಾಗ್. ಟೆನ್ ಹಾಗ್ ಆದಮೇಲೆ ಮ್ಯಾನೇಜರ್ ಆದ ಅಮೊರಿಮ್ ಬಂದು ಮೂವರು ಡಿಫೆಂಡರ್, ಎರಡೂ ಬದಿಗೆ ವಿಂಗ್‌ಬ್ಯಾಕ್ ಇಟ್ಟೇ ಆಡುತ್ತೇನೆ ಅಂತ ಹಟ ಹಿಡಿದ. ತಂಡದಲ್ಲಿ ಆ ಜಾಗಕ್ಕೆ ತಯಾರಾದವರೇ ಇರಲಿಲ್ಲ. ಆದರೆ ಯೋಚನೆ ಮಾಡಿ, ಅವನನ್ನು ಕರೆದವರಿಗೆ ಅವನ ಆಟ ಗೊತ್ತಿರಲಿಲ್ಲವಾ? ಗ್ಯಾರೇಜಿನ ತುಂಬ ಟಾಟಾ ಗಾಡಿಯ ಬಿಡಿಭಾಗ ತುಂಬಿಕೊಂಡು ಲೇಲ್ಯಾಂಡ್ ಮೆಕ್ಯಾನಿಕ್ಕನ್ನು ಕರೆಸಿದರೆ ಅವನೇನು ಮಾಡಬೇಕು? ಒಬ್ಬನ ಆಟಕ್ಕೆ ಕೊಂಡ ಸಾಮಾನು ಇನ್ನೊಬ್ಬನ ಆಟಕ್ಕೆ ಹೊಂದುವುದಿಲ್ಲ. ಆರು ಮೆಕ್ಯಾನಿಕ್ಕು, ಆರು ತರದ ಬಿಡಿಭಾಗ.

ಕೆಲಸದಿಂದ ತೆಗೆಯುವುದಕ್ಕೂ ದುಡ್ಡು ಬೇಕು. ಟೆನ್ ಹಾಗ್ 2024ರ ಮೇ ತಿಂಗಳಲ್ಲಿ ಎಫ್‌ಎ ಕಪ್ ಗೆದ್ದ. ಜುಲೈನಲ್ಲಿ ಅವನ ಕರಾರು ಮುಂದುವರಿಸಿದರು. ಅಕ್ಟೋಬರ್‌ನಲ್ಲಿ ತೆಗೆದರು. ಅವನಿಗೂ ಅವನ ಜೊತೆಯವರಿಗೂ ಸೇರಿ 1.04 ಕೋಟಿ ಪೌಂಡ್ ಖರ್ಚಾಯಿತು. ಇದೇ ಹೊತ್ತಿನಲ್ಲಿ ಇನ್ನು ಮೇಲೆ ಆಟಗಾರರನ್ನು ಸರಿಯಾಗಿ ಕೊಳ್ಳೋಣ ಅಂತ ಡ್ಯಾನ್ ಆಶ್‌ವರ್ತ್ ಎಂಬ ನುರಿತವನನ್ನು ಕರೆದಿದ್ದರು. ಅವನಿದ್ದ ಕ್ಲಬ್ ನ್ಯೂಕ್ಯಾಸಲ್ ಅವನನ್ನು ಬಿಡಲು ತಿಂಗಳುಗಟ್ಟಲೆ ಸತಾಯಿಸಿತು. ಕೊನೆಗೆ ಬಂದ. ಐದು ತಿಂಗಳಿಗೆ ಅವನೂ ಹೋದ, 41 ಲಕ್ಷ ಪೌಂಡ್ ಖರ್ಚು. ಸಂತೆಗೆ ಹೋಗಲು ಗೊತ್ತಿದ್ದವನನ್ನು ಮುಂದಿನ ಸಂತೆ ಕೂಡುವ ಮೊದಲೇ ಕಳಿಸಿದರು.

ಸರಿಯಾಗಿ ಸಂತೆ ಮಾಡಿದವರೂ ಇದ್ದಾರೆ, ಹೇಳಲು ಹೊಟ್ಟೆಕಿಚ್ಚಾಗುತ್ತದೆ. ಲಿವರ್‌ಪೂಲ್ 2018ರ ಜನವರಿಯಲ್ಲಿ ಕುಟೀನ್ಯೊನನ್ನು ಬಾರ್ಸಿಲೋನಾಗೆ ಭಾರಿ ಬೆಲೆಗೆ ಮಾರಿತು. ಅದೇ ಜನವರಿಯಲ್ಲಿ ವಾನ್ ಡೈಕ್, ಬೇಸಿಗೆಯಲ್ಲಿ ಗೋಲ್‌ಕೀಪರ್ ಅಲಿಸನ್. ಅದರ ಹಿಂದಿನ ಬೇಸಿಗೆಯಲ್ಲಿ ಸಲಾ ಬಂದಿದ್ದ. ಮ್ಯಾನೇಜರ್ ಕ್ಲಾಪ್ ಮನಸ್ಸಿನಲ್ಲಿ ಆಗ ಬೇರೆ ಆಟಗಾರನಿದ್ದ, ಆಟಗಾರರನ್ನು ಹುಡುಕುವ ತಂಡ ಸಲಾ ಹೆಸರನ್ನು ಹಿಡಿದು ಕೂತಿತು. ಕ್ಲಾಪ್ ಕೇಳಿದ. 2019ರಲ್ಲಿ ಯುರೋಪ್ ಗೆದ್ದರು, 2020ರಲ್ಲಿ ಲೀಗ್. ಎತ್ತು ಹೂಡುವವನು ಬೇರೆ, ಎತ್ತು ನೋಡುವವನು ಬೇರೆ, ಇಬ್ಬರೂ ಮಾತಾಡಿಕೊಳ್ಳುತ್ತಿದ್ದರು.

ಫರ್ಗ್ಯೂಸನ್ ಕಥೆಯನ್ನೂ ನಾವು ತಪ್ಪಾಗಿ ನೆನಪಿಟ್ಟುಕೊಂಡಿದ್ದೇವೆ. ಅವನು 1986ರಲ್ಲಿ ಬಂದ. 1989ರ ಬೇಸಿಗೆಯಿಂದ ಸೆಪ್ಟೆಂಬರ್‌ವರೆಗೆ ದುಡ್ಡು ಸುರಿದು ಪ್ಯಾಲಿಸ್ಟರ್, ಇನ್ಸ್ ಸೇರಿ ಐವರನ್ನು ತಂದ. ಸೆಪ್ಟೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಎದುರು ಐದು-ಒಂದರ ಸೋಲು. ಡಿಸೆಂಬರ್‌ನಲ್ಲಿ ಯುನೈಟೆಡ್‌ನ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲೇ ಬ್ಯಾನರ್ ಎದ್ದಿತು. ಮೂರು ವರ್ಷ ನೆಪ ಹೇಳಿದ್ದು ಸಾಕು, ಹೋಗಿ ಬಾ ಫರ್ಗಿ ಅಂತ ಅದರ ಅರ್ಥ. ನಾನು ಅಲ್ಲಿದ್ದಿದ್ದರೆ ಆ ಬ್ಯಾನರಿನ ಇನ್ನೊಂದು ತುದಿ ಹಿಡಿದಿರುತ್ತಿದ್ದೆ, ಅನುಮಾನವೇ ಬೇಡ. ಆ ಸೀಸನ್ ಹದಿಮೂರನೇ ಸ್ಥಾನ, ಆದರೆ ಎಫ್‌ಎ ಕಪ್ ಕೈಗೆ ಬಂತು. 1993ರಲ್ಲಿ ಲೀಗ್ ಗೆದ್ದಾಗ ಪ್ಯಾಲಿಸ್ಟರ್, ಇನ್ಸ್ ಇಬ್ಬರೂ ತಂಡದ ಬೆನ್ನೆಲುಬು. ಹಾಗಂತ ತಾಳ್ಮೆ ಇಟ್ಟುಕೊಂಡರೆ ಎಲ್ಲರೂ ಫರ್ಗ್ಯೂಸನ್ ಆಗುತ್ತಾರೆ ಅಂತ ನಾನು ಹೇಳುತ್ತಿಲ್ಲ. ಕೊಂಡವನೇ ಉಳಿದ, ಕೊಂಡಿದ್ದನ್ನು ತಾನೇ ಪಳಗಿಸಿದ, ಅಷ್ಟನ್ನು ಗಮನಿಸಿ.

ಮ್ಯಾಂಚೆಸ್ಟರಿನ ಫ್ಯಾನ್‌ಗಳಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. 2005ರಲ್ಲಿ ಗ್ಲೇಜರ್ ಕುಟುಂಬ ಸಾಲ ಮಾಡಿ ಕ್ಲಬ್ ಕೊಂಡಾಗ, ಆ ಸಾಲವನ್ನು ಕ್ಲಬ್ಬಿನ ತಲೆಗೇ ಕಟ್ಟಿತು. ಕೆಲವರು ಅವತ್ತೇ ಸಿಟ್ಟಾಗಿ ಎದ್ದುಹೋಗಿ ಎಫ್‌ಸಿ ಯುನೈಟೆಡ್ ಅಂತ ತಮ್ಮದೇ ಕ್ಲಬ್ ಕಟ್ಟಿದರು. 2021ರ ಮೇ 2ರಂದು ಮೈದಾನಕ್ಕೇ ನುಗ್ಗಿ ಲಿವರ್‌ಪೂಲ್ ಪಂದ್ಯವನ್ನು ನಿಲ್ಲಿಸಿದರು. ಅವರ ಕೂಗು ಮಾಲೀಕನ ಕಡೆಗೆ. ನಾವು ಹುಬ್ಬಳ್ಳಿಯವರು ಏನು ಮಾಡಬಹುದು? ಟಿಕೆಟ್ ಇಲ್ಲ, ಬ್ಯಾನರ್ ಇಲ್ಲ. ಮಾಲೀಕ ಟಿವಿಯಲ್ಲಿ ಬರುವುದೂ ಇಲ್ಲ. ಬರುವವನು ಮ್ಯಾನೇಜರ್. ಸಿಕ್ಕವನಿಗೆ ಸೀರುಂಡೆ.

ಇಷ್ಟು ಸಾಕು. ಪ್ರಶ್ನೆ ಇದ್ದರೆ ಕೇಳಿ.

*

ಮೊದಲು ಎದ್ದವರು ನಿವೃತ್ತ ಮಾಸ್ತರರೊಬ್ಬರು. "ಅಲ್ರೀ, ನಮ್ಮ ಬೆಂಗಳೂರಾಗ ತಂಡ ಐತಿ. ಅದನ್ನ ಬಿಟ್ಟು ಸಾವಿರಾರು ಮೈಲಿ ದೂರದ್ದಕ್ಕ ಯಾಕ ಅಳ್ತೀರಿ?"

ನ್ಯಾಯವಾದ ಪ್ರಶ್ನೆ ಸರ್. ಬೆಂಗಳೂರು ಎಫ್‌ಸಿಗೂ ಅತ್ತಿದ್ದೇನೆ. ಕಂಠೀರವದಲ್ಲಿ ಪಂದ್ಯ ನೋಡಿ, ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹಿಡಿದು ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಇಳಿದು ಸೀದಾ ಆಫೀಸಿಗೆ ಹೋಗಿದ್ದೇನೆ. ಅಲ್ಲಿ ಒಂದು ಸುಖ ಇದೆ, ನಾವು ಬೈದದ್ದು ಕೋಚ್‌ಗೆ ಕೇಳಿಸುತ್ತದೆ. 2013ರಲ್ಲಿ ಹುಟ್ಟಿದ ಕ್ಲಬ್ ಮೊದಲ ಸೀಸನ್‌ನಲ್ಲೇ ಭಾರತದ ಐ-ಲೀಗ್ ಗೆದ್ದಿತು, 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್. ಹಾಗಾಗಿ ನಮಗೂ ಗೆಲ್ಲುವ ಚಟ ಹತ್ತಿತು. 2023-24ರಲ್ಲಿ ಹನ್ನೆರಡು ತಂಡಗಳಲ್ಲಿ ಹತ್ತನೇ ಸ್ಥಾನ ಬಂದಾಗ ಎಲ್ಲರನ್ನೂ ಕಳಿಸಿ ಅಂತ ಕೂಗಿದವರಲ್ಲಿ ನಾನೂ ಇದ್ದೆ. ಆ ಸೀಸನ್ನಿನ ನಡುವೆ ಬಂದಿದ್ದ ಜೆರಾರ್ಡ್ ಸರಗೋಸಾನನ್ನು ಅವರು ಇಟ್ಟುಕೊಂಡರು. ಮುಂದಿನ ವರ್ಷ ಅದೇ ಕೋಚ್ ತಂಡವನ್ನು ಫೈನಲ್‌ಗೆ ಒಯ್ದ. ಕೋಲ್ಕತ್ತಾದಲ್ಲಿ ಮೋಹನ್ ಬಗಾನ್ ಎದುರು ಹೆಚ್ಚುವರಿ ಸಮಯದಲ್ಲಿ ಎರಡು-ಒಂದರಿಂದ ಸೋತೆವು. ಅವತ್ತು ಕೋಚ್‌ಗೆ ಬೈಯಲಿಲ್ಲ ಸರ್. ರೆಫ್ರಿಗೆ ಬೈದೆ.

ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ, ಕಾಲೇಜು ಓದುವವನಿರಬೇಕು, ಯುನೈಟೆಡ್ ಜೆರ್ಸಿ ಹಾಕಿಕೊಂಡಿದ್ದ. ಬೆನ್ನ ಮೇಲೆ ಇನ್ನೂ ಪೊಗ್ಬಾ ಹೆಸರು. "ಸರ್, ನೀವು ಹೇಳಿದ್ದು ಎಲ್ಲಾ ಖರೆ. ಆದ್ರ ಮುಂದಿನ ಬ್ಯಾಸಗಿಗೆ ಯಾರನ್ನ ತರಬೇಕು?"

ಡಿಫೆಂಡರ್‌ಗಳ ಮುಂದೆ ನಿಲ್ಲುವ ಒಬ್ಬ ಗಟ್ಟಿ ಮಿಡ್‌ಫೀಲ್ಡರ್ ಬೇಕೇ ಬೇಕು ಅಂದೆ. ವಯಸ್ಸು ಇಪ್ಪತ್ತಮೂರು ದಾಟಿರಬಾರದು, ಎಡಗಾಲು ಓಡಬೇಕು, ದುಡ್ಡಿನ ಮುಖ ನೋಡಬಾರದು. ಯಾವ ಕ್ಲಬ್ಬಿನಲ್ಲಿ ಅಂಥವನಿದ್ದಾನೆ ಅಂತಲೂ ಹೇಳಲು ಶುರು ಮಾಡಿದ್ದೆ. ಗೆಳೆಯರು ಮೈಕ್ ಕಸಿದುಕೊಂಡು ಚಹಾ ಆರುತ್ತಿದೆ ಅಂದರು.